ಶಾಖದ ಲೆಕ್ಕ ಹಿಡಿದ ರುಡಾಲ್ಫ್ ಡೀಸೆಲ್

ಅಮೃತಾಪುರದಲ್ಲಿ ಟ್ರ್ಯಾಕ್ಟರ್‌ಗೆ ಹಾಕಿಸುವ ಡೀಸೆಲ್ ಒಬ್ಬ ಮನುಷ್ಯನ ಹೆಸರು. ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್‌ನಲ್ಲಿ ಜರ್ಮನ್ ದಂಪತಿಗೆ ಹುಟ್ಟಿದರು. 1870ರ ಯುದ್ಧದಿಂದ ಮನೆಯವರು ಊರು ಬಿಡಬೇಕಾಯಿತು. ಹನ್ನೆರಡನೇ ವಯಸ್ಸಿಗೆ ಅವರು ಓದಲು ಆಗ್ಸ್‌ಬರ್ಗ್‌ನ ಬಂಧುಗಳ ಮನೆ ಸೇರಿದರು.

ಮ್ಯೂನಿಕ್‌ನಲ್ಲಿ ಕಲಿಯುವಾಗ, ಉಗಿಯಂತ್ರವು ನೂರು ಪಾಲು ಶಾಖದಲ್ಲಿ ಹತ್ತನ್ನೂ ಕೆಲಸಕ್ಕೆ ತರುವುದಿಲ್ಲವೆಂದು ತಿಳಿಯಿತು. ಕಾಮರ್ಸ್‌ನವರಾದ ನಮಗೆ ಇದು ಬರೀ ನಷ್ಟದ ವ್ಯಾಪಾರ! ಡೀಸೆಲ್ ಬೇರೆ ದಾರಿ ಹುಡುಕಿದರು. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ವಿಪರೀತ ಕಾಯುತ್ತದೆ. ಆಗ ಒಳಗೆ ಚಿಮ್ಮಿಸಿದ ಎಣ್ಣೆ ಕಿಡಿಯಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. 1893ರ ಮೊದಲ ಪರೀಕ್ಷೆಯಲ್ಲಿ ಸ್ಫೋಟವಾಯಿತು. ಆದರೂ ಬಿಡಲಿಲ್ಲ. 1897ರಲ್ಲಿ ದಕ್ಷತೆ ಶೇಕಡಾ 26 ದಾಟಿತು.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಯಂತ್ರವೊಂದು ಕಡಲೆಕಾಯಿ ಎಣ್ಣೆಯಲ್ಲಿ ಓಡಿತು. ನಮ್ಮ ಪಕ್ಕದ ಹಾಸನ ಜಿಲ್ಲೆಯ ಮಡೆನೂರಿನ ಜೈವಿಕ ಇಂಧನ ಉದ್ಯಾನದ ಕೆಲಸವೂ ಇದೇ ದಾರಿಯದು, ಅಲ್ಲಿ ಹೊಂಗೆ ಬೀಜ. ಇಂಥ ಬಯೋಡೀಸೆಲ್ ಬೆರೆಸಿದರೆ ಮಸಿಹೊಗೆ ಕಡಿಮೆಯಾಗುತ್ತದೆ. ನೈಟ್ರೋಜನ್ ಆಕ್ಸೈಡ್ ಮಾತ್ರ ಕೊಂಚ ಹೆಚ್ಚಬಹುದು.

ಶಾಖ ಉಳಿಸಿದವರಿಗೆ ಹಣ ಉಳಿಸಲಾಗಲಿಲ್ಲ, ಸಾಲ ಬೆಳೆಯಿತು. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಡೀಸೆಲ್ ಕಾಣೆಯಾದರು. ಕೆಲವು ದಿನಗಳ ನಂತರ ಸಮುದ್ರದಲ್ಲಿ ದೇಹ ಸಿಕ್ಕಿತು.