ತೋಳಿನ ಸುತ್ತಳತೆಯೇ ಬಲವಲ್ಲ: ವ್ಯಾಯಾಮ ಗುರು ಕೆ.ವಿ. ಅಯ್ಯರ್

'ಶಾಂತಲಾ' ಕಾದಂಬರಿಯ ಹೆಸರನ್ನು ನಮ್ಮಲ್ಲಿ ಅನೇಕರು ಕನ್ನಡ ತರಗತಿಯಲ್ಲಿ ಕೇಳಿದ್ದೇವೆ. ಹೊಯ್ಸಳ ರಾಣಿಯ ಕಥೆ ಬರೆದ ಆ ಲೇಖಕರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಎಂದು ಕೇಳಿದರೆ ಉತ್ತರಿಸುವವರು ಕಡಿಮೆ. ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರು. ಹೆಸರು ಕೋಲಾರ ವೆಂಕಟೇಶ ಅಯ್ಯರ್. ಜನರಿಗೆ ಅವರು ಪ್ರೊಫೆಸರ್ ಕೆ.ವಿ. ಅಯ್ಯರ್.

ಅಯ್ಯರ್ ಹುಟ್ಟಿದ್ದು 19ನೇ ಶತಮಾನದ ಕೊನೆಯ ವರ್ಷಗಳಲ್ಲಿ, ಕೋಲಾರ ಸೀಮೆಯಲ್ಲಿ. ಆ ಕಾಲದಲ್ಲಿ ಮೈ ಬೆಳೆಸುವುದೆಂದರೆ ಗರಡಿ ಮನೆ. ನಮ್ಮ ಚಿತ್ರದುರ್ಗದ ಕೋಟೆಯೊಳಗೂ ಪಾಳೆಯಗಾರರ ಕಾಲದ ಗರಡಿ ಮನೆ ಇದೆ. ಪ್ರವಾಸಕ್ಕೆ ಹೋದಾಗ ನೋಡಿರುತ್ತೀರಿ. ಕೆಮ್ಮಣ್ಣಿನ ಅಂಕಣ, ದಂಡ, ಬಸ್ಕಿ, ಗದೆ, ಕುಸ್ತಿ, ಇವು ಅಲ್ಲಿನ ಪಾಠಗಳು. ಅದೇ ವೇಳೆಗೆ ಯುರೋಪಿನಿಂದ ಹೊಸ ಗಾಳಿಯೂ ಬೀಸಿತ್ತು. ಯೂಜೆನ್ ಸ್ಯಾಂಡೋ ಎಂಬ ಜರ್ಮನ್ ಬಲಶಾಲಿ ಡಂಬೆಲ್ ಹಿಡಿದ ಚಿತ್ರಗಳಿಂದ ಲೋಕಪ್ರಸಿದ್ಧನಾಗಿದ್ದ. 1905ರ ಹೊತ್ತಿಗೆ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟಿದ್ದ. ಅಯ್ಯರ್ ಬೆಳೆದದ್ದು ಈ ಎರಡು ಲೋಕಗಳ ನಡುವೆ. ಅವರು ಎರಡನ್ನೂ ಕೈಬಿಡಲಿಲ್ಲ.

1920ರ ದಶಕದಲ್ಲಿ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಆರಂಭಿಸಿದರು. ಅದು ಹರ್ಕ್ಯುಲಿಸ್ ಜಿಮ್ನಾಷಿಯಂ ಎಂದು ಹೆಸರಾಯಿತು. ಅಲ್ಲಿ ಬಾರ್‌ಬೆಲ್ ಎತ್ತುವುದೂ ಇತ್ತು, ಸೂರ್ಯನಮಸ್ಕಾರದ ಸರಣಿಯೂ ಇತ್ತು, ಹಠಯೋಗದ ಆಸನಗಳೂ ಇದ್ದವು. ಯೋಗಾಚಾರ್ಯ ಸುಂದರಂ ಅವರ ಜೊತೆಗೂಡಿ ಅಯ್ಯರ್ ಊರೂರು ಸುತ್ತಿ ಪ್ರದರ್ಶನ ನೀಡಿದರು. ಒಬ್ಬರು ಆಸನ ತೋರಿಸಿದರೆ, ಇನ್ನೊಬ್ಬರು ಮೈಕಟ್ಟು ಮತ್ತು ಸ್ನಾಯುಗಳ ಮೇಲಿನ ಹಿಡಿತ ತೋರಿಸುತ್ತಿದ್ದರು. 1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಪರ್ಫೆಕ್ಟ್ ಫಿಸಿಕ್' ಎಂಬ ಇಂಗ್ಲಿಷ್ ಪುಸ್ತಕಗಳು ಬಂದವು. ಶಿಲ್ಪದಂತಿದ್ದ ಅವರ ಮೈಕಟ್ಟಿನ ಚಿತ್ರಗಳು ವಿದೇಶಿ ಪತ್ರಿಕೆಗಳಲ್ಲೂ ಅಚ್ಚಾದವು.

ಭಾರ ಎತ್ತುವವನಿಗೆ ಆಸನವೇಕೆ, ಆಸನ ಹಾಕುವವನಿಗೆ ಬಾರ್‌ಬೆಲ್ ಏಕೆ ಎಂದು ಯಾರಿಗಾದರೂ ಅನ್ನಿಸಬಹುದು. ಇಂದಿನ ಕ್ರೀಡಾ ವಿಜ್ಞಾನದ ಕಣ್ಣಿನಿಂದ ನೋಡಿದರೆ ಅಯ್ಯರ್ ಮಾಡಿದ್ದು ಸರಿಯೇ. ಏಕೆಂದರೆ ಸ್ನಾಯುಬಲ ಒಂದೇ ಬಗೆಯದಲ್ಲ.

ನಮ್ಮ ಚಿಕ್ಕಜಾಜೂರಿನಲ್ಲೇ ನೋಡಿ. ಹಮಾಲಿಯೊಬ್ಬ ತುಂಬಿದ ಮೆಕ್ಕೆಜೋಳದ ಚೀಲವನ್ನು ಒಮ್ಮೆಗೇ ಬೆನ್ನಿಗೇರಿಸುತ್ತಾನೆ. ಇದು ಗರಿಷ್ಠ ಬಲ. ಹೊಲದಲ್ಲಿ ಬೆಳಗಿನಿಂದ ಸಂಜೆವರೆಗೆ ಬಗ್ಗಿ ಕಳೆ ಕೀಳುವ ತಾಯಂದಿರದು ಬಲ ಸಹಿಷ್ಣುತೆ. ಕಬಡ್ಡಿ ಆಟಗಾರ ಎದುರಾಳಿಯ ಕೈಯಿಂದ ಚಿಮ್ಮಿ ನಡುಗೆರೆ ಮುಟ್ಟುವುದು ಸ್ಫೋಟಕ ಬಲ. ಬಲಕ್ಕೆ ವೇಗ ಸೇರಿದಾಗ ಅದು ಹುಟ್ಟುತ್ತದೆ. ತುಂಬಿದ ಕೊಡವನ್ನು ಕಂಕುಳಲ್ಲಿ ಅಲುಗಾಡದಂತೆ ಹಿಡಿದು ನಿಂತವರ ತೋಳಿನಲ್ಲಿರುವುದು ಸ್ಥಿರ ಬಲ. ಒಂದರಲ್ಲಿ ಗಟ್ಟಿಯಾದವರು ಇನ್ನೊಂದರಲ್ಲೂ ಗಟ್ಟಿಯಾಗಿರಲೇಬೇಕೆಂದಿಲ್ಲ. ಬಾರ್‌ಬೆಲ್ ಮೊದಲನೆಯದನ್ನು ಬೆಳೆಸುತ್ತದೆ. ನೂರಾರು ದಂಡ, ಬಸ್ಕಿ ಎರಡನೆಯದನ್ನು ಬೆಳೆಸುತ್ತವೆ. ಆಸನದಲ್ಲಿ ನಿಲ್ಲುವುದು ನಾಲ್ಕನೆಯದನ್ನು ಬೆಳೆಸುತ್ತದೆ.

ಅಯ್ಯರ್ ಅಂಚೆಯ ಮೂಲಕವೂ ವ್ಯಾಯಾಮ ಕಲಿಸುತ್ತಿದ್ದರು. ದೂರದ ಊರಿನ ವಿದ್ಯಾರ್ಥಿಯ ಎದುರಿಗೆ ಗುರು ಇರುವುದಿಲ್ಲ. ತಾನು ಮುಂದೆ ಹೋಗುತ್ತಿದ್ದೇನೆಯೇ ಎಂದು ಅವನೇ ಅಳೆದುಕೊಳ್ಳಬೇಕು. ಹಳ್ಳಿಯಲ್ಲಿರುವ ನಮ್ಮ ಸ್ಥಿತಿಯೂ ಬಹುಮಟ್ಟಿಗೆ ಅದೇ. ಅಳೆಯಲು ದುಬಾರಿ ಯಂತ್ರ ಬೇಕಿಲ್ಲ.

ಗರಿಷ್ಠ ಬಲ ತಿಳಿಯಲು ಎತ್ತಲಾಗದ ಭಾರಕ್ಕೆ ಕೈ ಹಾಕಬೇಡಿ. ಸರಿಯಾದ ಭಂಗಿಯಲ್ಲಿ ಹತ್ತು ಸಲದೊಳಗೆ ಸುಸ್ತಾಗುವಂಥ ಭಾರ ಆರಿಸಿ, ಎಷ್ಟು ಸಲ ಎತ್ತಿದಿರಿ ಎಂದು ಎಣಿಸಿ. ಆ ಸಂಖ್ಯೆಯನ್ನು 30ರಿಂದ ಭಾಗಿಸಿ, 1 ಕೂಡಿಸಿ, ಬಂದದ್ದನ್ನು ಭಾರದಿಂದ ಗುಣಿಸಿ. 30 ಕೆ.ಜಿ.ಯನ್ನು 10 ಸಲ ಎತ್ತಿದವರ ಗರಿಷ್ಠ ಬಲ ಸುಮಾರು 40 ಕೆ.ಜಿ. ಸಹಿಷ್ಣುತೆಗೆ, ಒಂದು ನಿಮಿಷದಲ್ಲಿ ಸರಿಯಾಗಿ ಎಷ್ಟು ದಂಡ ಅಥವಾ ಬಸ್ಕಿ ಹೊಡೆಯುತ್ತೀರಿ ಎಂದು ಎಣಿಸಿ. ಸ್ಫೋಟಕ ಬಲಕ್ಕೆ, ನಿಂತಲ್ಲಿಂದಲೇ ಎರಡೂ ಕಾಲು ಜೋಡಿಸಿ ಮುಂದಕ್ಕೆ ಜಿಗಿದು, ಗೆರೆಯಿಂದ ಹಿಮ್ಮಡಿಯವರೆಗಿನ ದೂರ ಅಳೆಯಿರಿ. ಸ್ಥಿರ ಬಲಕ್ಕೆ, ಮೊಳಕೈ ಊರಿ ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿದು ಎಷ್ಟು ಸೆಕೆಂಡು ಇರಬಲ್ಲಿರಿ ಎಂದು ಗೆಳೆಯರಿಂದ ಗಡಿಯಾರ ನೋಡಿಸಿ. ನಾಲ್ಕೂ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಆರು ವಾರದ ನಂತರ ಮತ್ತೆ ಅಳೆಯಿರಿ. ಹೋಲಿಕೆ ಪಕ್ಕದವರ ಜೊತೆ ಬೇಡ, ನಿಮ್ಮ ಹಳೆಯ ಅಂಕಿಯ ಜೊತೆ ಸಾಕು.

ಬೆಳೆಸುವ ದಾರಿಯೂ ಬಲದ ಬಗೆಗೆ ತಕ್ಕಂತೆ ಬೇರೆ ಬೇರೆ. ಗರಿಷ್ಠ ಬಲಕ್ಕೆ ಹೆಚ್ಚು ಭಾರ, ಕಡಿಮೆ ಸಲ, ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ. ಸಹಿಷ್ಣುತೆಗೆ ಹಗುರ ಭಾರ, ಹದಿನೈದಕ್ಕಿಂತ ಹೆಚ್ಚು ಸಲ, ಕಡಿಮೆ ವಿಶ್ರಾಂತಿ. ಸ್ಫೋಟಕ ಬಲಕ್ಕೆ ಜಿಗಿತ, ಚೆಂಡೆಸೆತ, ಚುರುಕು ಓಟ. ಸುಸ್ತಾದ ಮೇಲೆ ಮಾಡಿದರೆ ಅದರಿಂದ ಫಲವಿಲ್ಲ. ಸ್ಥಿರ ಬಲಕ್ಕೆ ಉಸಿರು ಕಟ್ಟದೆ ಭಂಗಿಯಲ್ಲಿ ನಿಲ್ಲುವ ಅಭ್ಯಾಸ. ಹೊಸಬರು ಮೊದಲು ಹಗುರ ಭಾರದಲ್ಲಿ ಭಂಗಿ ಕಲಿಯಬೇಕು. ಆರಂಭದ ವಾರಗಳಲ್ಲಿ ತೋಳು ದಪ್ಪವಾಗದೆಯೇ ಬಲ ಹೆಚ್ಚುತ್ತದೆ, ಏಕೆಂದರೆ ಮೊದಲು ಕಲಿಯುವುದು ನರಮಂಡಲ. ಕನ್ನಡಿ ನೋಡಿ ನಿರಾಶರಾಗಿ ಬಿಡುವವರು ಈ ಹಂತದಲ್ಲೇ ಬಿಡುತ್ತಾರೆ. ಒಂದೇ ಸ್ನಾಯುವಿಗೆ ಭಾರಿ ಕೆಲಸ ಕೊಟ್ಟ ಮೇಲೆ ಸುಮಾರು 48 ಗಂಟೆ ಬಿಡುವು ಕೊಡಿ. ರಂಜಾನ್ ತಿಂಗಳಲ್ಲಿ ಭಾರ ಇಳಿಸಿ, ಇಫ್ತಾರ್ ಆಗಿ ನೀರು ಕುಡಿದು ಸ್ವಲ್ಪ ಹೊತ್ತಾದ ಮೇಲೆ ಅಭ್ಯಾಸ ಮಾಡಿ.

ಮತ್ತೆ ಅಯ್ಯರ್ ಅವರ ಬದುಕಿಗೆ ಬರೋಣ. ಅವರ ಹೆಸರು ಅರಮನೆಗೂ ಮುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಪಾರ್ಶ್ವವಾಯುವಿನಿಂದ ಬಳಲಿದಾಗ ಅಯ್ಯರ್ ವ್ಯಾಯಾಮ ಚಿಕಿತ್ಸೆ ನೀಡಿದರು. ಭಾರ ಎತ್ತಿಸುವ ಗುರು ಇಲ್ಲಿ ಸೋತ ಕೈಕಾಲು ಮತ್ತೆ ಆಡುವಂತೆ ಮಾಡುವ ಕೆಲಸಕ್ಕೆ ನಿಂತಿದ್ದರು. ಎದ್ದು ನಿಲ್ಲುವುದು, ನಾಲ್ಕು ಹೆಜ್ಜೆ ಇಡುವುದು, ಲೋಟ ಹಿಡಿಯುವುದು, ಇವೂ ಬಲವೇ ಎಂಬುದು ಕಾಯಿಲೆ ಬಿದ್ದವರಿಗೆ ಗೊತ್ತು. ಮಹಾರಾಜರ ನೆರವೂ ಸೇರಿ, 1940ರಲ್ಲಿ ಇಂದಿನ ಜೆ.ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆಯ ಸ್ವಂತ ಕಟ್ಟಡ ಎದ್ದಿತು. ಟಿಪ್ಪು ಸುಲ್ತಾನರ ಬೇಸಿಗೆ ಅರಮನೆಯಿಂದ ಅಲ್ಲಿಗೆ ನಡೆದೇ ಹೋಗಬಹುದು.

ಆ ಶಾಲೆ ಬರೀ ಕಬ್ಬಿಣದ ಸದ್ದಿನ ಜಾಗವಾಗಿರಲಿಲ್ಲ. ನಾಟಕಕಾರ ಟಿ.ಪಿ. ಕೈಲಾಸಂ ಅಯ್ಯರ್ ಅವರ ಆಪ್ತರಾಗಿದ್ದರು. ಅವರ ಬಗ್ಗೆ ಅಯ್ಯರ್ ಪುಸ್ತಕವನ್ನೇ ಬರೆದರು. ರವಿ ಕಲಾವಿದರು ಎಂಬ ನಾಟಕ ತಂಡವೂ ಅಯ್ಯರ್ ಅವರ ಸುತ್ತ ಬೆಳೆಯಿತು. 'ಶಾಂತಲಾ' ಅಲ್ಲದೆ 'ರೂಪದರ್ಶಿ' ಎಂಬ ಇನ್ನೊಂದು ಕಾದಂಬರಿಯನ್ನೂ ಅವರು ಬರೆದರು. ಅದರಲ್ಲಿ, ಬಾಲಯೇಸುವಿನ ಚಿತ್ರಕ್ಕೆ ರೂಪದರ್ಶಿಯಾಗಿ ಕುಳಿತಿದ್ದ ಮುದ್ದು ಹುಡುಗನೇ ವರ್ಷಗಳ ನಂತರ, ಬಾಳು ಕೆಟ್ಟು ಮುಖ ಕೆಟ್ಟು, ದ್ರೋಹಿ ಜೂದಾಸನ ಚಿತ್ರಕ್ಕೂ ರೂಪದರ್ಶಿಯಾಗುತ್ತಾನೆ. ಜೀವನವಿಡೀ ಚೆಲುವಾದ ಮೈ ಕಟ್ಟುವುದನ್ನು ಕಲಿಸಿದವರು ಈ ಕಥೆಯನ್ನು ಆರಿಸಿಕೊಂಡದ್ದು ಯೋಚಿಸುವಂತೆ ಮಾಡುತ್ತದೆ. ನಡತೆ ಕೆಟ್ಟರೆ ರೂಪ ಉಳಿಯದು ಎಂಬುದು ಅವರಿಗೆ ತಿಳಿದಿತ್ತು.

ಅಯ್ಯರ್ 1980ರಲ್ಲಿ ಎಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

ಇಂದು ನಮ್ಮ ವಯಸ್ಸಿನವರಲ್ಲಿ ಕೆಲವರು ಮೂರು ತಿಂಗಳಲ್ಲಿ ತೋಳು ಉಬ್ಬಿಸಲು ಗೊತ್ತಿಲ್ಲದ ಪುಡಿ, ಇಂಜೆಕ್ಷನ್‌ಗಳ ಹಿಂದೆ ಬೀಳುತ್ತಾರೆ. ಫೋಟೊ ಚೆನ್ನಾಗಿ ಬರುತ್ತದೆ. ಒಳಗೆ ಹೃದಯ, ಯಕೃತ್ತು ಬೆಲೆ ತೆರಬೇಕಾಗುತ್ತದೆ. ದೇಹ ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್ತು. ಅದನ್ನು ಹಾಳುಮಾಡುವ ಹಕ್ಕು ನಮಗಿಲ್ಲ. ನಾಳೆ ಬೆಳಿಗ್ಗೆ ಕಾಲೇಜು ಮೈದಾನದಲ್ಲಿ ಒಂದು ಗೆರೆ ಎಳೆದು ಜಿಗಿಯಿರಿ. ದೂರ ಎಷ್ಟೇ ಇರಲಿ, ಬರೆದಿಟ್ಟುಕೊಳ್ಳಿ. ಆರು ವಾರದ ನಂತರ ಅದೇ ಗೆರೆಯಿಂದ ಮತ್ತೊಮ್ಮೆ ಜಿಗಿದು ನೋಡಿ.