ಎಲಿಜಬೆತ್ ಫ್ರೈ

ಗದ್ದಲವಿಲ್ಲದ ಮನೆಯನ್ನಾಗಲಿ ತರಗತಿಯನ್ನಾಗಲಿ ಕಂಡಾಗ, ಅಲ್ಲಿ ಸಮಾಧಾನವು ನೆಲೆಸಿದೆಯೆಂದು ಉಪಾಧ್ಯಾಯಿನಿಯರಾದ ನಾವು ಎಷ್ಟೋ ಸಲ ಮೋಸಹೋಗಿದ್ದೇವೆ. ದಂಡನೆಯ ಭಯದಿಂದ ಹುಟ್ಟಿದ ಮೌನವು ಬೇರೆ, ಕ್ರಿಸ್ತನು ಅನುಗ್ರಹಿಸುವ ಸಮಾಧಾನವು ಬೇರೆ. ಈ ಭೇದವನ್ನು ತನ್ನ ನಡತೆಯಿಂದ ತೋರಿಸಿದ ಒಬ್ಬ ಸಾಧ್ವಿಯ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಇಡಲು ಅಪೇಕ್ಷಿಸುತ್ತೇವೆ.

ಎಲಿಜಬೆತ್ ಫ್ರೈ 1780ನೆಯ ಇಸವಿ ಮೇ 21ರಂದು ಇಂಗ್ಲೆಂಡಿನ ನಾರಿಚ್ ನಗರದಲ್ಲಿ ಗರ್ನಿ ಎಂಬ ಧನಿಕ ಮನೆತನದಲ್ಲಿ ಜನಿಸಿದಳು. ಆ ಮನೆತನದವರು ಯುದ್ಧವನ್ನು ನಿರಾಕರಿಸುವ ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು. ಹನ್ನೆರಡು ವರ್ಷದವಳಾಗಿದ್ದಾಗ ತಾಯಿ ತೀರಿಕೊಂಡಳು. 1798ರಲ್ಲಿ ವಿಲಿಯಂ ಸೇವರಿ ಎಂಬ ಅಮೆರಿಕದ ಬೋಧಕನ ಉಪದೇಶವನ್ನು ಕೇಳಿದ ಮೇಲೆ ಆಕೆಯ ಮನಸ್ಸು ದೇವರ ಸೇವೆಯ ಕಡೆಗೆ ತಿರುಗಿತು. 1800ರಲ್ಲಿ ಜೋಸೆಫ್ ಫ್ರೈಯನ್ನು ವಿವಾಹವಾಗಿ, ಕಾಲಕ್ರಮದಲ್ಲಿ ಹನ್ನೊಂದು ಮಕ್ಕಳ ತಾಯಿಯಾದಳು.

1813ರಲ್ಲಿ ಆಕೆ ಲಂಡನಿನ ನ್ಯೂಗೇಟ್ ಸೆರೆಮನೆಯನ್ನು ಮೊದಲು ಕಂಡಳು. ಅಲ್ಲಿ ಸುಮಾರು ಮುನ್ನೂರು ಸ್ತ್ರೀಯರು ಕೂಸುಗಳೊಡನೆ ಇಕ್ಕಟ್ಟಿನಲ್ಲಿ ತುಂಬಿದ್ದರು. ಕುಡಿತ, ಬೈಗುಳ, ಹೊಡೆದಾಟಗಳು ಅವರ ನಿತ್ಯದ ಬಾಳಾಗಿದ್ದವು. ಅಧಿಕಾರಿಗಳೇ ಒಳಹೋಗಲು ಅಂಜುತ್ತಿದ್ದರು. ಅಂದು ಕೂಸುಗಳಿಗೆ ಬಟ್ಟೆ ಹಂಚಿ ಹಿಂದಿರುಗಿದ ಆಕೆ, ಸಂಸಾರದ ತಾಪತ್ರಯಗಳು ಕಳೆದು ಕೆಲವು ವರ್ಷಗಳ ಮೇಲೆ ಪುನಃ ಹೋದಾಗ, ಗದರಿಸಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ. ಈ ಮಕ್ಕಳಿಗಾಗಿ ಏನಾದರೂ ಮಾಡೋಣವೇ ಎಂದು ಆ ತಾಯಂದಿರನ್ನೇ ಕೇಳಿದಳು. ಅವರು ಕಣ್ಣೀರಿನಿಂದ ಒಪ್ಪಿ, ತಮ್ಮಲ್ಲಿಯೇ ಒಬ್ಬಳನ್ನು ಉಪಾಧ್ಯಾಯಿನಿಯನ್ನಾಗಿ ಆರಿಸಿದರು.

1817ರಲ್ಲಿ ಕೆಲವು ಸ್ತ್ರೀಯರೊಡನೆ ಸಂಘವೊಂದನ್ನು ಕಟ್ಟಿ, ಹೊಲಿಗೆ ಹೆಣಿಗೆಗಳನ್ನೂ ಸತ್ಯವೇದದ ವಾಚನವನ್ನೂ ಏರ್ಪಡಿಸಿದಳು. ಬೈಗುಳ, ಜೂಜು, ಕಲಹ ಕೂಡದೆಂಬ ನಿಯಮಗಳನ್ನು ಒಂದೊಂದಾಗಿ ಓದಲಾಯಿತು. ಸೆರೆಯಾಳುಗಳೇ ಕೈಯೆತ್ತಿ ಅಂಗೀಕರಿಸಿದರು. ತಾವೇ ಒಪ್ಪಿದ ನಿಯಮವನ್ನು ಅವರು ಪಾಲಿಸಿದರು.

ಆಸ್ಟ್ರೇಲಿಯಾಕ್ಕೆ ಗಡೀಪಾರಾಗುವ ಸ್ತ್ರೀಯರು ಹೊರಡುವ ಹಿಂದಿನ ರಾತ್ರಿ ದಂಗೆಯೆದ್ದು ಸಾಮಾನುಗಳನ್ನು ಒಡೆಯುವುದು ವಾಡಿಕೆಯಾಗಿತ್ತು. ಬೆಳಗಾದರೆ ತೆರೆದ ಗಾಡಿಗಳಲ್ಲಿ ಜನರ ಅಪಹಾಸ್ಯದ ನಡುವೆ ಅವರನ್ನು ಸಾಗಿಸುತ್ತಿದ್ದರು. ಎಲಿಜಬೆತ್ ಅಧಿಕಾರಿಗಳನ್ನು ಒಪ್ಪಿಸಿ ಮುಚ್ಚಿದ ಬಂಡಿಗಳನ್ನು ತರಿಸಿ, ಹಡಗಿನವರೆಗೆ ತಾನೂ ಜೊತೆಗೆ ಹೋದಳು. ದಂಗೆ ನಿಂತಿತು. ಆಕೆ ಶಿಕ್ಷೆಯನ್ನು ಹೆಚ್ಚಿಸಲಿಲ್ಲ, ಅವಮಾನವನ್ನು ತೆಗೆದಳು.

ಮನೆಮಕ್ಕಳನ್ನು ಅಲಕ್ಷಿಸುತ್ತಾಳೆಂಬ ದೂರು ಆಕೆಗೆ ತಪ್ಪಲಿಲ್ಲ. 1828ರಲ್ಲಿ ಗಂಡನ ಬ್ಯಾಂಕು ದಿವಾಳಿಯಾಗಿ, ಅವಮಾನದ ರುಚಿಯನ್ನು ಆಕೆಯೂ ಕಂಡಳು. ಆದರೂ ಸೇವೆಯನ್ನು ಬಿಡಲಿಲ್ಲ. 1845ನೆಯ ಅಕ್ಟೋಬರ್ 12ರಂದು ಪರಲೋಕವಾಸಿಯಾದಳು.

ಪ್ರಿಯ ಸಹೋದರಿಯರೇ, ಅತ್ತೆಸೊಸೆಯರ ನಡುವೆಯೂ ಮಕ್ಕಳ ನಡುವೆಯೂ ಕಲಹವೆದ್ದಾಗ, ಯಾರ ತಪ್ಪೆಂದು ಕೇಳುವ ಮೊದಲು, ಯಾರ ಮನಸ್ಸು ಅವಮಾನದಿಂದ ನೊಂದಿದೆಯೆಂದು ವಿಚಾರಿಸೋಣ. ನಮ್ಮ ಮನೆಗಳಲ್ಲಿ ಸಮಾಧಾನದ ಕೆಲಸವು ಅಲ್ಲಿಂದಲೇ ಆರಂಭವಾಗಲೆಂದು ದೇವರನ್ನು ಪ್ರಾರ್ಥಿಸುತ್ತೇವೆ.