ನಿಸರ್ಗ ಚಿತ್ರಕಾರ ಕೆ. ವೆಂಕಟಪ್ಪ

ನಮ್ಮ ಊರುಗಳಲ್ಲಿ ಚೆನ್ನಾಗಿ ಚಿತ್ರ ಬಿಡಿಸುವ ಮಕ್ಕಳಿಗೆ ಕೊರತೆಯಿಲ್ಲ. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದವರೂ ಇದ್ದಾರೆ. ಎಸ್ಸೆಸ್ಸೆಲ್ಸಿ ಹತ್ತಿರ ಬಂತೆಂದರೆ ಮಾತ್ರ ಡ್ರಾಯಿಂಗ್ ಪುಸ್ತಕ ಅಟ್ಟ ಸೇರುತ್ತದೆ. ಚಿತ್ರ ಬರೆದರೆ ಹೊಟ್ಟೆಗೆ ಹಿಟ್ಟು ಸಿಗುತ್ತದೆಯೇ ಎಂದು ಹೆತ್ತವರು ಕೇಳುವುದು ತಪ್ಪೇನಲ್ಲ. ಚಿತ್ರವನ್ನೇ ಬದುಕಾಗಿಸಿಕೊಂಡ ಕೆ. ವೆಂಕಟಪ್ಪನವರ ಜೀವನವನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತ.

ವೆಂಕಟಪ್ಪನವರು 1886ರಲ್ಲಿ ಮೈಸೂರಿನಲ್ಲಿ, ಅರಮನೆಗೆ ಚಿತ್ರ ಬರೆಯುತ್ತಿದ್ದ ಚಿತ್ರಗಾರರ ಮನೆತನದಲ್ಲಿ ಜನಿಸಿದರು. ಹುಡುಗನ ಕೈಚಳಕವನ್ನು ಗಮನಿಸಿದ ನಾಲ್ವಡಿ ಕೃಷ್ಣರಾಜ ಒಡೆಯರು ಹೆಚ್ಚಿನ ಕಲಿಕೆಗೆ ನೆರವಾದರು. ಹೀಗೆ ಅವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆ ಸೇರಿ, ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ್ ಬೋಸರು ಅಲ್ಲಿ ಅವರ ಒಡನಾಡಿ. ಅಜಂತಾದ ಗುಹೆಗಳಲ್ಲಿ ಭಿತ್ತಿಚಿತ್ರಗಳ ಪ್ರತಿ ತೆಗೆದ ಯುವಕರ ತಂಡದಲ್ಲಿ ಇಬ್ಬರೂ ಇದ್ದರು.

ವೆಂಕಟಪ್ಪನವರ ಹೆಸರು ಹೊರದೇಶದ ಓದುಗರಿಗೆ ತಲುಪಿದ್ದು ಪುಸ್ತಕದ ಮೂಲಕ. ಸೋದರಿ ನಿವೇದಿತಾ ಆರಂಭಿಸಿ, ಅವರ ಮರಣಾನಂತರ ಆನಂದ ಕುಮಾರಸ್ವಾಮಿಯವರು ಪೂರ್ಣಗೊಳಿಸಿದ ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಗ್ರಂಥವು 1913ರಲ್ಲಿ ಪ್ರಕಟವಾಯಿತು. ಅದರ ರಾಮಾಯಣ ಭಾಗಕ್ಕೆ ವೆಂಕಟಪ್ಪನವರು ಚಿತ್ರಗಳನ್ನು ರಚಿಸಿದ್ದರು. ಪುಸ್ತಕದ ಚಿತ್ರಕ್ಕೆ ಅದರದೇ ಶಿಸ್ತು ಬೇಕು. ಪುಟದ ಅಳತೆಯೊಳಗೆ ಕಥೆಯ ಒಂದು ಘಟ್ಟವನ್ನು ಓದುಗರಿಗೆ ಒಂದೇ ನೋಟಕ್ಕೆ ತಿಳಿಸಬೇಕು. ಅಚ್ಚುಕಟ್ಟಾದ ಗೆರೆ, ಸಣ್ಣ ಅಳತೆಯಲ್ಲಿ ತಾಳ್ಮೆಯ ಕೆಲಸ ಅವರಲ್ಲಿ ಕೊನೆಯವರೆಗೂ ಉಳಿದವು.

ಮೈಸೂರಿಗೆ ಮರಳಿದ ಬಳಿಕ ಅವರು ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. 1920ರ ದಶಕದಲ್ಲಿ ಊಟಿಗೂ ಮುಂದೆ ಕೊಡೈಕನಾಲಿಗೂ ಹೋಗಿ ಜಲವರ್ಣದಲ್ಲಿ ಬರೆದ ನಿಸರ್ಗ ಚಿತ್ರಗಳೇ ಅವರ ಕೀರ್ತಿಗೆ ಮುಖ್ಯ ಕಾರಣ. ಅಲ್ಲಿ ಪುರಾಣದ ದೇವತೆಗಳಿಲ್ಲ, ಕಥೆಯೂ ಇಲ್ಲ. ಬೆಟ್ಟವನ್ನು ಮುಸುಕುವ ಮಂಜು, ಕೆರೆಯ ನೀರು, ಬೆಳದಿಂಗಳು ಇಷ್ಟೇ. ಮಂಜು ಬಹುಹೊತ್ತು ನಿಲ್ಲುವುದಿಲ್ಲ; ಬೆಳಕು ಗಳಿಗೆಗೊಂದು ಬಣ್ಣ ತಾಳುತ್ತದೆ. ಜಲವರ್ಣದಲ್ಲಿ ತಪ್ಪಿದರೆ ತಿದ್ದುವುದೂ ಸುಲಭವಲ್ಲ. ಆದ್ದರಿಂದ ಕುಂಚ ಹಿಡಿಯುವ ಮೊದಲು ನೋಡುವುದನ್ನು ಕಲಿಯಬೇಕೆಂಬುದಕ್ಕೆ ಈ ಚಿತ್ರಗಳೇ ಪಾಠ.

ಮಹಾರಾಜರ ಅಪೇಕ್ಷೆಯಂತೆ ಅರಮನೆಯ ಅಂಬಾವಿಲಾಸಕ್ಕಾಗಿ ಅವರು ಗಾರೆಯಲ್ಲಿ ಉಬ್ಬುಶಿಲ್ಪಗಳನ್ನು ಮಾಡತೊಡಗಿದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡಾಗ ಆ ಕೆಲಸ ನಿಂತುಹೋಯಿತು. ಮಾಡಿದ ಕೆಲಸದ ಪ್ರತಿಫಲದ ವಿಷಯ ನ್ಯಾಯಾಲಯದವರೆಗೂ ಹೋಯಿತು. ತೀರ್ಪು ಅವರ ಪರವಾಗಿ ಬರಲಿಲ್ಲ. ಆಶ್ರಯ ಕೊಟ್ಟ ಮನೆಯ ಎದುರು ನಿಲ್ಲುವುದು ಅವರಿಗೆ ಸುಲಭದ ಮಾತಾಗಿರಲಾರದು. ಆದರೆ ಕಲಾವಿದನ ದುಡಿಮೆಯೂ ದುಡಿಮೆಯೇ, ಅದಕ್ಕೂ ಬೆಲೆಯಿದೆ ಎಂಬ ನಿಲುವನ್ನು ಅವರು ಬಿಡಲಿಲ್ಲ. ಮುಂದೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ನೆಲೆಸಿ, ಮದುವೆಯಾಗದೆ ಸರಳವಾಗಿ ಬಾಳಿ, 1965ರಲ್ಲಿ ನಿಧನರಾದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಕಲಾ ಗ್ಯಾಲರಿ ಇದೆ.

ಇದು ಒಂದು ದಾರಿ. ಇನ್ನೊಂದು ದಾರಿಯನ್ನು ನಮ್ಮ ಜಿಲ್ಲೆಯವರೇ ತೋರಿದ್ದಾರೆ. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ 1922ರಲ್ಲಿ ಹುಟ್ಟಿದ ಪಿ.ಆರ್. ತಿಪ್ಪೇಸ್ವಾಮಿಯವರೂ ನಿಸರ್ಗ ಚಿತ್ರಗಳಿಗೆ ಹೆಸರಾದವರು. ಅವರು ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವನ್ನು ಕಟ್ಟುವ ಕೆಲಸಕ್ಕೆ ಕೈಜೋಡಿಸಿ, ಚಿತ್ರಕಲೆಯನ್ನೂ ಉಳಿಸಿಕೊಂಡರು.

ಚಿತ್ರದಿಂದ ಹೊಟ್ಟೆ ತುಂಬುತ್ತದೆಯೇ ಎಂಬ ಪ್ರಶ್ನೆಗೆ ಖಚಿತ ಉತ್ತರ ವೆಂಕಟಪ್ಪನವರ ಬದುಕಿನಲ್ಲೂ ಇಲ್ಲ. ಅವರು ಪಟ್ಟ ಕಷ್ಟವನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಯೂ ಇಲ್ಲ. ಆದರೆ ಹರ್ತಿಕೋಟೆಯ ಹುಡುಗನೊಬ್ಬ ಅದೇ ಬಣ್ಣದ ಪೆಟ್ಟಿಗೆ ಹಿಡಿದು ಮೈಸೂರಿನಲ್ಲಿ ಬದುಕು ಕಟ್ಟಿಕೊಂಡದ್ದೂ ನಿಜ. ಅಟ್ಟ ಸೇರಿದ ಡ್ರಾಯಿಂಗ್ ಪುಸ್ತಕವನ್ನು ಪರೀಕ್ಷೆ ಮುಗಿದ ಮೇಲಾದರೂ ಕೆಳಗಿಳಿಸಿ ಮಕ್ಕಳ ಕೈಗೆ ಕೊಡೋಣ.